ತಂಗಿಯ ಕಾರಿನ ಘಳಿಗೆ

ನನ್ನ ತಂಗಿಯ ಕಾರಿನ ಟಾಪು ತಾನಾಗಿಯೇ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಕೂರುತ್ತದೆ ಎಂಬುದು ನನಗೆ ಗೊತ್ತಾದದ್ದು ಮಕ್ತಲ್‌ನ ನಮ್ಮ ಅಂಗಡಿಯಲ್ಲಿ, ಗಿರಾಕಿಯೊಬ್ಬಳ ಮುಂದೆ ಸೀರೆ ಬಿಚ್ಚಿ ಹರವುತ್ತಿದ್ದಾಗ. ಫೋನು ಟಿಣ್ ಎಂದಿತು. ಕಾರು ಮಾರಿದವರು ತೆಗೆದ ವಿಡಿಯೋ ಒಂದನ್ನು ತಂಗಿ ಕಳಿಸಿದ್ದಳು. ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು, ಎರಡೇ ಸೀಟು. ಯಾರದೋ ಬೆರಳು ಒಂದು ಬಟನ್ ಒತ್ತುತ್ತದೆ. ಡಿಕ್ಕಿಯ ಮುಚ್ಚಳ ಹಿಂದುಮುಂದಾಗಿ ಬಾಯಿ ತೆರೆಯುತ್ತದೆ. ಟಾಪು ಮೇಲಕ್ಕೆದ್ದು, ನಡುವೆ ಎರಡಾಗಿ, ಒಂದರ ಮೇಲೊಂದು ಕೂತು ಆ ಬಾಯಿಯೊಳಗೆ ಇಳಿಯುತ್ತದೆ. ಮುಚ್ಚಳ ಮುಚ್ಚಿಕೊಳ್ಳುತ್ತದೆ. ತಗಡು, ಗಾಜು ಎಲ್ಲ ಮಾಯ, ಮೇಲೆ ಬರೀ ಆಕಾಶ. ಇನ್ನೊಮ್ಮೆ ನೋಡಿದೆ. ಮತ್ತೂ ಒಮ್ಮೆ ನೋಡಿದೆ. ಗಿರಾಕಿ ತೆಲುಗಿನಲ್ಲಿ "ಏಮೈಂದಕ್ಕಾ?" ಅಂದಳು. ಏನೂ ಆಗಿಲ್ಲವೆಂದು ಸೆರಗು ತೋರಿಸಿದೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ ಎಂದು ಗಿರಾಕಿಗೆ ಹೇಳಲಾಗುತ್ತದೆಯೇ?

ತಂಗಿಯನ್ನು ಕೊಟ್ಟದ್ದು ಗದ್ವಾಲ್‌ಗೆ. ಅವಳ ಗಂಡನದು ಹತ್ತಿ ಬೀಜದ ವ್ಯಾಪಾರ. ಆ ಕಾರನ್ನು ಆತ ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ತಂದ. ಆದರೆ ಆತನಿಗೆ ಸೊಂಟ ನೋವು. ನೆಲಕ್ಕೆ ಹತ್ತಿದಂತಿರುವ ಆ ಕಾರಿನಲ್ಲಿ ಒಮ್ಮೆ ಕೂತರೆ ಏಳಿಸಲು ಇಬ್ಬರು ಬೇಕು. ಹಾಗಾಗಿ ಕಾರು ತಂಗಿಯ ಪಾಲಿಗೆ ಬಂತು. ಡ್ರೈವಿಂಗ್ ಅವಳು ಮೊದಲೇ ಕಲಿತಿದ್ದಳು. ಈಗ ಗದ್ವಾಲ್ ಬಜಾರಿನಲ್ಲಿ ಕೆಂಪು ಕಾರು ಓಡಿಸುವ ಹೆಂಗಸು ಎಂದರೆ ನನ್ನ ತಂಗಿ. ಚಿಕ್ಕವಳಿದ್ದಾಗ ಸೈಕಲ್ಲಿನ ಹಿಂದೆ ನಾನು ಹಿಡಿದುಕೊಂಡು ಓಡದಿದ್ದರೆ ಪೆಡಲ್ ತುಳಿಯುತ್ತಿರಲಿಲ್ಲ ಅವಳು.

ಕಾರಿಗಾಗಿಯೇ ಇಷ್ಟು ಹೊಟ್ಟೆ ಉರಿಯಿತು ಎಂದುಕೊಳ್ಳಬೇಡಿ. ಕಾರು ಯಾರ ಮನೆಯಲ್ಲಿಲ್ಲ? ನನ್ನ ಸಂಕಟ ಬೇರೆ. ಹೊಸ ಸೀರೆಯ ಮಡಿಕೆಯನ್ನು ಮೊದಲ ಸಲ ಬಿಚ್ಚಿ ಉಡುವುದಕ್ಕೆ ನಮ್ಮ ಕಡೆ ಘಳಿಗೆ ಮುರಿಯುವುದು ಎನ್ನುತ್ತಾರೆ. ಸೀರೆ ಯಾರದೋ ಅವರು ಮೊದಲು ಉಡುವುದಿಲ್ಲ. ಜೀವದವಳು ಅಂತ ಒಬ್ಬಳು ಇರುತ್ತಾಳಲ್ಲ, ಅಕ್ಕನೋ ಗೆಳತಿಯೋ, ಅವಳ ಕೈಗೆ ಕೊಟ್ಟು, "ನೀ ಘಳಿಗಿ ಮುರಿ" ಎನ್ನುತ್ತಾರೆ. ಅವಳು ಒಂದು ದಿನ ಉಟ್ಟು, ಒಳ್ಳೆಯ ಮನಸ್ಸಿನಿಂದ ತಿರುಗಾಡಿ, ಮರಳಿ ಕೊಡಬೇಕು. ಹಾಗೆ ಮಾಡಿದರೆ ಸೀರೆಯ ಮೇಲೆ ಸೀರೆ ಬರುತ್ತವೆ ಎಂದು ನಂಬಿಕೆ. ನನ್ನ ತಂಗಿಯ ಸೀರೆಗಳ ಘಳಿಗೆಯನ್ನೆಲ್ಲ ನಾನೇ ಮುರಿದವಳು. ಅವಳ ಮದುವೆಯಾದ ಮೇಲೂ ಗದ್ವಾಲ್‌ನಿಂದ ಬಸ್ಸಿನಲ್ಲಿ ಹೊಸ ಸೀರೆ ಹಿಡಿದುಕೊಂಡು ಮಕ್ತಲ್‌ಗೆ ಬರುತ್ತಿದ್ದಳು. ನಾನು ಉಡುವತನಕ ತಾನು ಉಡುತ್ತಿರಲಿಲ್ಲ.

ಆಮೇಲೆ ಅದು ನಿಂತಿತು. ಜಗಳವಿಲ್ಲ, ಮಾತು ಬಿಟ್ಟದ್ದಿಲ್ಲ. ಸುಮ್ಮನೆ ನಿಂತಿತು. ರಾಯಚೂರಿನಲ್ಲಿದ್ದ ಅವಳ ನಾದಿನಿ, ಎಂದರೆ ಗಂಡನ ತಂಗಿ, ಗದ್ವಾಲ್‌ಗೆ ಬಂದು ಮನೆ ಮಾಡಿದ ಮೇಲೆ ತಂಗಿಯ ಹೊಸ ಸೀರೆಗಳು ನನಗೆ ಫೋನಿನಲ್ಲಿ ಮಾತ್ರ ಕಾಣತೊಡಗಿದವು, ಅದೂ ನಾದಿನಿಯ ಮೈಮೇಲೆ. ನಾದಿನಿ ನಕ್ಕರೆ ಒಸಡು ಕಾಣುತ್ತದೆ. ಸೀರೆಯ ನೆರಿಗೆ ಹಿಡಿಯಲು ಬರುವುದಿಲ್ಲ ಅವಳಿಗೆ, ಒಂದು ಮೇಲೆ ಒಂದು ಕೆಳಗೆ. ಗದ್ವಾಲ್ ಸೀರೆಯ ಅಂಚು ಯಾವುದು, ನಾರಾಯಣಪೇಟೆಯ ಅಂಚು ಯಾವುದು ಎಂದು ಕೇಳಿದರೆ ಹೇಳಲಾರಳು. ಅಂಥವಳು ನನ್ನ ತಂಗಿಯ ಸೀರೆಯ ಘಳಿಗೆ ಮುರಿಯುತ್ತಾಳೆ, ನಾನು ಅದಕ್ಕೆ ಫೋನಿನಲ್ಲಿ ಹೂವಿನ ಚಿತ್ರ ಒತ್ತಬೇಕು!

ಈಗ ಈ ಕಾರು. ಮಡಿಕೆಯಿದ್ದ ಟಾಪು. ಅದನ್ನು ಮೊದಲ ಸಲ ಬಿಚ್ಚುವಾಗ ಪಕ್ಕದ ಸೀಟಿನಲ್ಲಿ ಯಾರು? ಇರುವುದೇ ಒಂದು ಸೀಟು. ಆ ಸೀಟು ನನಗೆ ಬೇಕಿತ್ತು. ಬಾಯಿ ಬಿಟ್ಟು ಕೇಳುವ ಜಾತಿಯಲ್ಲ ನಾನು. ಅವಳೇ ಕರೆಯಬೇಕು.

ಕರೆಯುವತನಕ ಮಾಡುವುದೇನು? ನಾನು ಆ ಟಾಪಿನ ಹುಳುಕು ಹುಡುಕಲು ಕೂತೆ. ಹೊಟ್ಟೆಕಿಚ್ಚು ಮನುಷ್ಯರನ್ನು ಹಾಳು ಮಾಡುತ್ತದೆ ಎನ್ನುವವರು ಅದು ಎಷ್ಟು ಓದಿಸುತ್ತದೆ ಎಂದು ಹೇಳುವುದಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆಯಾದರೆ ಸಾಕು, ಫೋನು ಹಿಡಿದು ಗೋಡೆಗೆ ಒರಗುತ್ತಿದ್ದೆ. ಜಗತ್ತಿನ ಮಡಚುವ ಟಾಪುಗಳೆಲ್ಲ ಕೆಟ್ಟು ನಿಂತ ವಿಡಿಯೋಗಳನ್ನು ಹುಡುಕಿ ಹುಡುಕಿ ನೋಡಿದೆ. ಒಂದು ಕಾರಿನದು ಅರ್ಧಕ್ಕೇ ನಿಂತುಬಿಟ್ಟಿತ್ತು, ಮೇಲೆಯೂ ಇಲ್ಲ ಕೆಳಗೆಯೂ ಇಲ್ಲ, ಓಡಿಸಲೂ ಬಾರದು. ಇನ್ನೊಂದರ ರಬ್ಬರ್ ಪಟ್ಟಿ ಬಿಸಿಲಿಗೆ ಒಡೆದು ಒಳಗೆ ನೀರು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ದಿನ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚು ತಿಂದೆ.

ನನ್ನ ಗಂಡನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ನೇಕಾರರಿಂದ ಸೀರೆ ತರುವುದು, ಊರೂರಿಗೆ ಮುಟ್ಟಿಸುವುದು ಅವರ ಕೆಲಸ. ನಮ್ಮದು ಟ್ರಾಲಿ ಆಟೋ, ಹಿಂದೆ ತಾಡಪತ್ರಿಯ ಹೊದಿಕೆ.

"ಆ ಟಾಪು ಭಾಳ ಭಾರ ಅಂತರೀ. ಮೋಟರು, ಎಣ್ಣಿ ಪೈಪು, ವೈರು, ಏನೇನೋ ಇರತಾವಂತ. ಅಷ್ಟು ಭಾರ ಹೊತ್ತು ಗಾಡಿ ಏನು ಜೋರು ಓಡತೈತಿ? ಬಟ್ಟಿ ಟಾಪು ಇದ್ರ ಹಗುರ ಇರತಿತ್ತು."

"ಬಟ್ಟಿ ಟಾಪು ಚಾಕೂಲೆ ಹರೀಬೋದಲ್ಲ" ಎಂದರು ಅವರು, ರೊಟ್ಟಿ ಮುರಿಯುತ್ತ. "ಇದು ತಗಡು. ಮುಚ್ಚಿದ್ರ ಮನಿ ಇದ್ದಂಗ. ಬಾಗಲಾ ಹಾಕಿ ಹೋಗಬೋದು. ಧೂಳಿ ಇಲ್ಲ, ಸಪ್ಪಳ ಇಲ್ಲ. ಬಿಸಿಲಾಗ ಎ.ಸಿ. ನಿಲ್ಲತೈತಿ."

"ಡಿಕ್ಕಿನೆಲ್ಲ ಟಾಪೇ ತಿಂತೈತಿ. ಬಿಚ್ಚಿದ್ರ ಒಂದು ಬುತ್ತಿಗಂಟು ಇಡಾಕ ಜಾಗಿಲ್ಲ."

"ಬುತ್ತಿ ಒಯ್ಯಾಕ ಅದನ್ನ ತಂದಾರೇನು?"

"ಕೆಟ್ರ ಇಲ್ಲಿ ರಿಪೇರಿ ಮಾಡೋರಿಲ್ಲ. ಹೈದರಾಬಾದಿಗೇ ಹೋಗಬೇಕು."

"ಕೆಟ್ಟಾಗ ನೋಡೋಣು. ಮಳಿ ಬಂದ್ರ ಆಕಿ ಕುಂತಲ್ಲೇ ಬಟನ್ ಒತ್ತತಾಳ. ನಮ್ಮ ತಾಡಪತ್ರಿಗೂ ಬಟನ್ ಐತಿ, ಅದು ನಾನ. ಇಳದು, ಹಗ್ಗ ಕಟ್ಟಿ, ಮತ್ತ ಹತ್ತೂದ್ರಾಗ ಮಳೀನ ನಿಂತಿರತೈತಿ."

ಇದು ನಿಜ. ಹೋದ ಮಳೆಗಾಲದಲ್ಲಿ ಹಗ್ಗದ ಗಂಟು ಬಿಗಿಯುವುದರೊಳಗೆ ನೀರು ಒಳಗಿಳಿದು ಒಂದು ಕಟ್ಟು ಸೀರೆಯ ಬಣ್ಣ ಬಿಟ್ಟಿತ್ತು. ಮಡಚುವ ಟಾಪಿನ ಒಳ್ಳೆಯ ಗುಣ ನನಗೆ ಗೊತ್ತಿಲ್ಲದೆ ಏನಿಲ್ಲ. ಮುಚ್ಚಿದರೆ ಎಲ್ಲರ ಕಾರಿನಂತೆ ಗಟ್ಟಿ, ತೆರೆದರೆ ಯಾರ ಕಾರೂ ಅಲ್ಲ. ಒಂದೇ ಕೊಂಡು ಎರಡು ಪಡೆದಂತೆ. ಆದರೆ ಗಂಡನ ಬಾಯಲ್ಲಿ ಅದನ್ನು ಕೇಳುವುದು ನನಗೆ ಬೇಕಿರಲಿಲ್ಲ. ಗದ್ವಾಲ್ ಸೀರೆಯನ್ನು ಬೆಂಕಿಪೊಟ್ಟಣದಲ್ಲಿ ಹಿಡಿಸುವಂತೆ ಮಡಚುತ್ತಿದ್ದರು ಎಂದು ದಿನವೂ ಗಿರಾಕಿಗಳಿಗೆ ಹೇಳುವವಳು ನಾನು. ಅದಕ್ಕೆ ಮೋಟರು ಬೇಕಿತ್ತೇ ಎಂದು ಕೇಳಿದೆ. ಅವರು ಇನ್ನೊಂದು ರೊಟ್ಟಿ ಕೇಳಿದರು.

ಕಡೆಗೊಂದು ದಿನ ತಂಗಿಯ ಫೋನು ಬಂತು. "ಅಕ್ಕಾ, ಐತಾರ ಕಾರ್ ತಗೊಂಡು ಬರತೀನಿ. ಇಬ್ರೂ ಕೂಡಿ ನಾರಾಯಣಪೇಟಿಗೆ ಹೋಗಿ ಅವ್ವನ್ನ ನೋಡಿ ಬರೋಣು." ನಾರಾಯಣಪೇಟೆ ನಮ್ಮ ತವರು. ಅವ್ವ ಅಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ. ಟಾಪಿನ ಮಾತನ್ನು ತಂಗಿ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಆ ಭಾನುವಾರ ಬೆಳಿಗ್ಗೆ ಮಾತ್ರ ತಲೆಗೆ ಎಣ್ಣೆ ಹಚ್ಚದೆ, ಗಾಳಿಗೆ ಕೂದಲು ಹಾರದ ಹಾಗೆ ಬಿಗಿಯಾಗಿ ಜಡೆ ಹಾಕಿಕೊಂಡೆ. ಸೆರಗಿಗೆ ಪಿನ್ನು ಚುಚ್ಚಿಕೊಂಡೆ.

ಕಾರು ಬಂತು. ಟಾಪು ಮುಚ್ಚಿತ್ತು. ಮುಂದಿನ ಗಾಜಿನ ಮೇಲೆ, ಟಾಪಿನ ಮೇಲೆ ಅರಿಶಿನದ ಭಂಡಾರ ಹಚ್ಚಿ ಪೂಜೆ ಮಾಡಿದ ಗುರುತು ಇನ್ನೂ ಇತ್ತು. ನಮ್ಮ ತಾತಂದಿರು ಕುರಿ ಕಾದವರು, ಹೊಸದೇನು ಮನೆಗೆ ಬಂದರೂ ಮೊದಲು ಬೀರಪ್ಪನ ಭಂಡಾರ. ಓಣಿಯವರೆಲ್ಲ ಸೇರಿದರು. "ಟಾಪ್ ತೆರುಚುಕುಂಟದಂಟಾ?" ಎಂದು ಒಬ್ಬರು ತೆಲುಗಿನಲ್ಲಿ, ತಾನೇ ತೆರೆದುಕೊಳ್ಳುತ್ತದಂತೆ ಹೌದೇ ಎಂದು; ಒಮ್ಮೆ ತೆರೆದು ತೋರಿಸಮ್ಮಾ ಎಂದು ಇನ್ನೊಬ್ಬರು. ತಂಗಿ ನಕ್ಕು, "ಈಗಲ್ರೀ" ಎಂದಳು. ಈಗಲ್ಲವೆಂದರೆ ಮತ್ತೆ ಯಾವಾಗ? ನನಗೆ ಖಾತ್ರಿಯಾಯಿತು. ಗದ್ವಾಲ್‌ನಲ್ಲಿಯೇ ತೆರೆದಾಗಿದೆ. ಒಸಡು ಕಾಣುವಂತೆ ನಗುತ್ತ ನಾದಿನಿ ಈ ಸೀಟಿನಲ್ಲಿ ಕೂತು, ದಾರಿಯಲ್ಲಿನ ಜೂರಾಲ ಡ್ಯಾಮಿನ ಮೇಲೆ ಕೃಷ್ಣೆಯ ಗಾಳಿ ಕುಡಿದು ಬಂದಾಗಿದೆ. ಇನ್ನು ಅಕ್ಕನಿಗೇನು, ಮುಚ್ಚಿದ ಟಾಪು ಸಾಕು.

ಕೂತೆ. ಕೂತದ್ದಲ್ಲ, ಬಿದ್ದೆ. ನೆಲ ಅಷ್ಟು ಹತ್ತಿರವಿತ್ತು. ಊರು ದಾಟುವ ಮೊದಲೇ ನನ್ನ ಬಾಯಿ ಶುರುವಾಯಿತು.

"ಈ ಟಾಪಿನ ಮೋಟರು ಭಾಳ ದಿನ ಬರಂಗಿಲ್ಲಂತ."

"ಹೌದಾ ಅಕ್ಕಾ?"

"ರಬ್ಬರು ನಮ್ಮ ಬಿಸಲಿಗೆ ತಡಿಯಂಗಿಲ್ಲ. ಬ್ಯಾಸಗಿ ಬರಲಿ, ನೋಡು. ಸಂದಿಯೊಳಗ ಧೂಳಿ ಹೊಕ್ಕರ ಸೆನ್ಸರ್ ಹೋಗತೈತಿ. ಸೆನ್ಸರ್ ಹೋದ್ರ ಟಾಪು ಬಾಯಿ ತಕ್ಕೊಂಡು ನಿಂತಬಿಡತೈತಿ, ಮುಚ್ಚಂಗಿಲ್ಲ. ಮಳಿ ಬಂದ್ರ ನೀನೂ ತೊಯ್ದಿ, ಗಾಡಿನೂ ತೊಯ್ತು."

"ಹಂಗಂತಾರೇನು?"

"ಬಿಚ್ಚಬೇಕಾದ್ರ ಮ್ಯಾಲೆ ಜಾಗಾ ಬೇಕು. ಗಿಡದ ಟೊಂಗಿ, ವೈರು ಏನರ ಇದ್ರ ಮುಗೀತು. ಇದರಕಿಂತ ಬಟ್ಟಿ ಟಾಪಿಂದ ಬೇಶ್. ಬಟ್ಟಿಯಂದ್ರ ನಮಗೂ ತಿಳೀತೈತಿ."

ಎರಡು ಸಲ ತಂಗಿಯ ಎಡಗೈ ಗೇರಿನ ಹಿಂದಿದ್ದ ಒಂದು ಬಟನ್‌ನತ್ತ ಹೋಗಿ ಮರಳಿ ಬಂತು. ನನ್ನ ಕಣ್ಣು ಅಲ್ಲಿಯೇ ಇತ್ತು. ಕೊಡಬೇಕೆಂದು ಮನಸ್ಸಾಗಿ, ಕೊಡಲಾರದೆ ಹಿಂದೆ ಎಳೆದುಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ಇನ್ನಷ್ಟು ಉರಿದೆ. ಹಳೆಯ ಮಾಲೀಕ ಇದನ್ನು ಯಾಕೆ ಮಾರಿರಬಹುದು ಎಂಬುದನ್ನೂ ವಿವರಿಸಿದೆ. ಆಮೇಲೆ ಅವಳು ಹೂಂ ಎನ್ನುವುದನ್ನೂ ಬಿಟ್ಟು ರಸ್ತೆ ನೋಡುತ್ತ ಓಡಿಸಿದಳು. ನಾರಾಯಣಪೇಟೆಯತನಕ ನಾನೊಬ್ಬಳೇ ಮಾತಾಡಿದೆ.

ಅವ್ವ ಬಾಗಿಲಲ್ಲೇ ಕಾದಿದ್ದಳು. ಕಾರಿನ ಸುತ್ತ ತಿರುಗಿ, "ನೆಲಕ್ಕ ಕುಂತ ಆಡಿನಂಗ ಐತಲ್ಲ" ಎಂದಳು. ಭಂಡಾರ ತಂದು ಟಾಪಿಗೆ ತಾನೂ ಹಚ್ಚಿದಳು. ಯಾರೋ ಓಡಿಸಿದ ಕಾರಂತಲ್ಲ ಎಂದು ತಮ್ಮ ಕಿಚಾಯಿಸಿದ್ದಕ್ಕೆ, "ನಮ್ಮನಿ ಪೂಜಿ ಆದಮ್ಯಾಲೆ ಹೊಸಾದ" ಎಂದು ಬಾಯಿ ಮುಚ್ಚಿಸಿದಳು. ಊಟವಾಯಿತು. ಶೇಂಗಾ ಹಿಂಡಿ, ಪುಂಡಿ ಪಲ್ಯ, ಬಿಸಿ ರೊಟ್ಟಿ. ತಂಗಿ ಕಡಿಮೆ ಉಂಡಳು. ಅವ್ವ ಕೇಳಿದರೆ ಸೆಕೆ ಎಂದಳು.

ನಾವಿಬ್ಬರೂ ತಮ್ಮನ ಹೆಂಡತಿಯ ಜೊತೆ ಒಳಗೆ ಮಾತಾಡುತ್ತಿರುವಾಗ ಅವ್ವ ತಮ್ಮನನ್ನು ಕರೆದು ಡಿಕ್ಕಿ ತುಂಬಿಸಿದಳು. ಮಗಳು ಬಂದ ಗಾಡಿಯನ್ನು ಅವ್ವ ಖಾಲಿ ಕಳಿಸಿದವಳಲ್ಲ. ಬಸ್ಸಿಗೆ ಬಂದರೆ ಚೀಲ, ಆಟೋಗೆ ಬಂದರೆ ಮೂಟೆ. ಜೋಳದ ಚೀಲ, ಶೇಂಗಾ, ಹುಣಸೆಹಣ್ಣಿನ ಉಂಡೆ, ಉಪ್ಪಿನಕಾಯಿಯ ಜಾಡಿ, ಮೇಲೊಂದು ಕರಿ ಕಂಬಳಿ. ಡಿಕ್ಕಿಯೊಳಗೆ ನಡುವೆ ಒಂದು ಪರದೆಯಂಥ ಹಾಳೆ ಅಡ್ಡವಾಗಿತ್ತಂತೆ, ಜೋಳದ ಚೀಲ ಕೂರಲಿಲ್ಲವೆಂದು ತಮ್ಮ ಅದನ್ನು ಕಿತ್ತು ಬದಿಗೆ ಒತ್ತಿದ. ಕೈಕಾಲು ತೊಳೆಯಲು ಹೊರಗೆ ಬಂದಾಗ ನಾನು ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು. ಟಾಪು ಮಡಚಿ ಬಂದು ಕೂರುವ ಜಾಗ ಅದೇ. ಆ ಪರದೆ ತನ್ನ ಜಾಗದಲ್ಲಿ ಇರದಿದ್ದರೆ ಟಾಪು ಅಲ್ಲಾಡುವುದಿಲ್ಲ. ಮಧ್ಯಾಹ್ನಗಳೆಲ್ಲ ಕೂತು ಓದಿದ್ದು ಸುಮ್ಮನೇ ಅಲ್ಲ. ಏನೂ ಅನ್ನಲಿಲ್ಲ. ಹೆಂಗೂ ನನಗಾಗಿ ತೆರೆಯುವ ಟಾಪಲ್ಲವಲ್ಲ.

ಹೊರಡುವ ಹೊತ್ತಿಗೆ ತಂಗಿ ಅವ್ವನ ಕೈ ಹಿಡಿದಳು. "ಅವ್ವಾ, ಬಾ, ಕುಂದ್ರು. ಒಂದು ಸುತ್ತು ಹಾಕಿಸಿಕೊಂಡು ಬರತೀನಿ. ನೀ ಘಳಿಗಿ ಮುರಿ."

ಹಾಗಾದರೆ ಮುರಿದಿಲ್ಲ! ನಾದಿನಿಯೂ ಇಲ್ಲ, ಯಾರೂ ಇಲ್ಲ. ಇಷ್ಟು ದಿನ ಅದು ಮುಚ್ಚಿಯೇ ಇತ್ತು. ಮುಚ್ಚಿದ್ದನ್ನು ನನ್ನ ಅಂಗಳದವರೆಗೆ ತಂದಳು, ಇಲ್ಲಿಯವರೆಗೆ ತಂದಳು, ತಂದು ನನ್ನ ಕಣ್ಣೆದುರಿಗೇ ಅವ್ವನಿಗೆ ಕೊಡುತ್ತಿದ್ದಾಳೆ. ಹೆತ್ತವ್ವನ ಮೇಲೆ ಹೊಟ್ಟೆ ಉರಿಯಬಹುದೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಉರಿಯುತ್ತದೆ. ಚೆನ್ನಾಗಿಯೇ ಉರಿಯುತ್ತದೆ.

ಅವ್ವ ಸೀರೆ ಮೊಣಕಾಲಿಗೆ ಎತ್ತಿ ಹಿಡಿದು, ನಗುತ್ತ, ತಮ್ಮನ ಹೆಗಲು ಹಿಡಿದು ಇಳಿದು ಕೂತಳು. ತಂಗಿ ಬಟನ್ ಒತ್ತಿದಳು. ಟೀಂ ಟೀಂ ಎಂದಿತು, ಟಾಪು ಮಿಸುಕಲಿಲ್ಲ. ಮತ್ತೆ ಒತ್ತಿದಳು. ಟೀಂ ಟೀಂ. ಕಾರು ಬಂದ್ ಮಾಡಿ, ಚಾಲೂ ಮಾಡಿ ಒತ್ತಿದಳು. ಓಣಿಯ ಹೆಂಗಸರು ಕಟ್ಟೆಯಿಂದ ಇಳಿದು ಬಂದರು. ಸಂದಿಯಲ್ಲಿ ಭಂಡಾರ ಹೊಕ್ಕಿರಬೇಕು ಎಂದು ತಮ್ಮ ಅಲ್ಲಿ ಊದಿದ. ತಂಗಿಯ ಮುಖ ಸಣ್ಣದಾಯಿತು. ನನ್ನ ಕಡೆಗೆ ತಿರುಗಿ, "ಅಕ್ಕಾ, ನೀ ಹೇಳಿದ್ದ ಖರೇ ಆತು ನೋಡು. ಕೆಟ್ಟತು" ಎಂದಳು.

ಕೆಟ್ಟಿಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು. ಹೇಳಿದರೆ ಟಾಪು ತೆರೆಯುತ್ತದೆ, ಘಳಿಗೆ ಅವ್ವನದಾಗುತ್ತದೆ. ಹೇಳದಿದ್ದರೆ ಇವತ್ತು ಮುಚ್ಚಿಯೇ ಇರುತ್ತದೆ. ನಾಳೆ, ನಾಡಿದ್ದು, ಮಕ್ತಲ್‌ನಲ್ಲಿ, ಡಿಕ್ಕಿ ಖಾಲಿಯಾದ ಮೇಲೆ ಅದು ನನ್ನದಾಗಬಹುದು. ನನ್ನಿಂದಲೇ ಸರಿಹೋಯಿತು ಎಂಬ ಹೆಸರೂ ಬರುತ್ತದೆ. ನಾನು ಅಂಗಳದ ಬೇವಿನ ಗಿಡವನ್ನು ನೋಡುತ್ತ ನಿಂತೆ.

ಆಗ ಅವ್ವ ಒಳಗಿನಿಂದ ಸಣ್ಣ ದನಿಯಲ್ಲಿ ಕೇಳಿದಳು. "ನನ್ನ ಭಾರಕ್ಕ ಕೆಟ್ಟತೇನವಾ? ನಾ ಇಳೀತೀನಿ ತಡಿ." ಬಾಗಿಲ ಹಿಡಿಕೆ ಎಲ್ಲಿದೆ ಎಂದು ತಿಳಿಯದೆ ಗಾಜಿನ ಮೇಲೆಲ್ಲ ಕೈಯಾಡಿಸುತ್ತಿದ್ದಳು.

ತಡೆಯಲಾಗಲಿಲ್ಲ. "ಕೆಟ್ಟಿಲ್ಲ ಏನಿಲ್ಲ" ಎಂದೆ. "ಡಿಕ್ಕಿಯೊಳಗ ನೀ ತುಂಬಿಸೀಯಲ್ಲ, ಜ್ವಾಳ, ಅದರ ಸಲುವಾಗಿ. ಟಾಪು ಹೋಗಿ ಕುಂದ್ರೂ ಜಾಗಾ ಅದು. ತಗೀರಿ ಎಲ್ಲಾ." ಸಿಟ್ಟಿನಲ್ಲಿ ನಾನೇ ಹೋಗಿ ಜೋಳದ ಚೀಲ ಎಳೆದು ಕೆಳಗೆ ಹಾಕಿದೆ. ಶೇಂಗಾ, ಹುಣಸೆಹಣ್ಣು, ಕಂಬಳಿ. ಪರದೆಯನ್ನು ಎಳೆದು ಎರಡೂ ಬದಿಯ ಕೊಂಡಿಗೆ ಸಿಕ್ಕಿಸಿದೆ. ಉಪ್ಪಿನಕಾಯಿ ಜಾಡಿ ಕೈಯಲ್ಲೇ ಉಳಿಯಿತು. ತಂಗಿ ಬಟನ್ ಒತ್ತಿದಳು. ವಿಡಿಯೋದಲ್ಲಿ ನೋಡಿದ್ದು ಈಗ ಎದುರಿಗೇ ನಡೆಯಿತು. ಡಿಕ್ಕಿ ಬಾಯಿ ತೆರೆಯಿತು, ಟಾಪು ಎದ್ದು, ಎರಡಾಗಿ, ನಿಧಾನವಾಗಿ ಇಳಿದು ಹೋಯಿತು. ಅವ್ವ ಮೇಲೆ ನೋಡಿದಳು. ತಲೆಯ ಮೇಲೆ ಏನೂ ಇಲ್ಲದ್ದನ್ನು ಕಂಡು ಸೆರಗನ್ನು ತಲೆಗೆ ಹೊದ್ದುಕೊಂಡಳು. ಓಣಿಯವರು ಚಪ್ಪಾಳೆ ತಟ್ಟಿದರು. ಕಾರು ಹೊರಟಿತು.

ಜಾಡಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತೆ. ಅವರು ಸೆಂಟರ್ ಚೌಕ್ ತನಕ ಹೋಗಿ, ಅವ್ವನ ಗೆಳತಿಯರ ಮನೆಗಳ ಮುಂದೆಲ್ಲ ನಿಲ್ಲಿಸಿ ಬಂದರು. ಅವ್ವನ ಸೆರಗು ಹೆಗಲಿಗೆ ಜಾರಿತ್ತು, ಬಿಳಿ ಕೂದಲು ಕೆದರಿತ್ತು. "ಏನು ಗಾಳೀಲೇ!" ಎಂದಳು. "ಇನ್ನ ನೀ ಕುಂದ್ರು."

ಸೀಟು ನನ್ನದಾಯಿತು. ಆದರೆ ಅವ್ವ ಆ ಚೀಲಗಳನ್ನು ಬಿಟ್ಟಾಳೇ? ತವರಿನಿಂದ ಗಾಡಿ ಖಾಲಿ ಹೋಗಬಾರದು ಎಂದರೆ ಹೋಗಬಾರದು. ತಂಗಿ ಟಾಪು ಮುಚ್ಚಿದಳು, ತಮ್ಮ ಪರದೆ ಸರಿಸಿ ಮತ್ತೆ ಎಲ್ಲ ತುಂಬಿದ. ಜಾಡಿ ಹಿಡಿಸದೆ ನನ್ನ ತೊಡೆಗೆ ಬಂತು. ಮಕ್ತಲ್‌ನತನಕ ಮುಚ್ಚಿದ ಟಾಪಿನ ಕೆಳಗೆ, ಜೋಳ ಶೇಂಗಾ ಹಿಂದೆ ಹೊತ್ತುಕೊಂಡು, ಮಾವಿನಕಾಯಿ ಮೆಂತ್ಯದ ವಾಸನೆಯಲ್ಲಿ ನನ್ನ ಸವಾರಿ ನಡೆಯಿತು.

ಕಡೆಗೆ ನಾನೇ ಕೇಳಿದೆ. "ಗದ್ವಾಲ್‌ದಾಗ ಯಾಕ ಬಿಚ್ಚಲಿಲ್ಲ?"

"ನಿನ್ನ ಸಲುವಾಗಿ ಇಟ್ಟಿದ್ದೆ." ರಸ್ತೆಯ ಮೇಲಿನ ಕಣ್ಣು ಅವಳು ತೆಗೆಯಲಿಲ್ಲ. "ನಾದಿನಿ ದಿನಾ ಗಂಟುಬಿದ್ದಿದ್ಲು, ವೈನಿ ಒಮ್ಮಿ ತಗೀರಿ, ಒಮ್ಮಿ ತಗೀರಿ ಅಂತ. ರಿಪೇರಿ ಐತಿ ಅಂತ ಸುಳ್ಳು ಹೇಳಿದೆ. ಇವತ್ತು ನೀ ಕುಂತಕೂಡ್ಲೆ ಒತ್ತಬೇಕಂತಿದ್ದೆ."

"ಮತ್ತ ಒತ್ತಲಿಲ್ಲ?"

"ಹೆಂಗ ಒತ್ತಲಿ ಅಕ್ಕಾ? ಮೋಟರು ಹೋಗತೈತಿ, ರಬ್ಬರು ಹೋಗತೈತಿ. ದಾರಿ ತುಂಬಾ ಅದನ್ನ ಹೇಳಿದಿ. ಅಂಥಾ ಮನಸ್ಸಿಲೆ ಘಳಿಗಿ ಮುರಿಸಬಾರದು."

ಸೀರೆಗಳ ಮಾತೂ ಅಲ್ಲಿಯೇ ಬಂತು. ಸಿಟ್ಟು ಮಾಡಿಕೊಂಡು ಹೇಳಿದ್ದರೆ ಜಗಳವಾಡಬಹುದಿತ್ತು. ಅವಳು ಮೆಲ್ಲಗೆ ಹೇಳಿದಳು. ನಾನು ಅಂಗಡಿ ಇಟ್ಟ ಮೇಲೆ ಅವಳ ಸೀರೆ ಕೈಗೆ ಬಂದರೆ ಮೊದಲು ತಿರುಗಿಸಿ ಹಿಂದಿನ ಎಳೆ ನೋಡುತ್ತೇನಂತೆ. ಜರಿ ಇಷ್ಟೇ, ಬಣ್ಣ ನಿಲ್ಲುವುದಿಲ್ಲ, ಮೋಸ ಹೋಗಿದ್ದೀ ಎನ್ನುತ್ತೇನಂತೆ. ಆಮೇಲೆ ಉಡುತ್ತೇನಂತೆ. "ನೀ ಉಟ್ಟು ಕೊಟ್ಟಮ್ಯಾಲೆ ನನಗ ಆ ಸೀರ್ಯಾಗ ನೀ ಹೇಳಿದ್ದ ಕಾಣತಿತ್ತು. ನಾದಿನಿಗೆ ಏನೂ ತಿಳಿಯಂಗಿಲ್ಲ. ಸುಮ್ಮ ಉಟಗೊಂಡು ನಗತಾಳ." ನಾನು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು ಎಂದು ಕೇಳಬೇಕೆನಿಸಿತು. ಒಂದೂ ಇರಲಿಲ್ಲ. ಆ ಸೀರೆಗಳ ಬಣ್ಣ ನಿಜವಾಗಿಯೂ ನಿಲ್ಲುವಂಥದಲ್ಲ. ಜಾಡಿಯ ಮುಚ್ಚಳ ಬಿಗಿಮಾಡಿದೆ.

ಮಕ್ತಲ್ ಬಂತು. ನನ್ನ ಪಾಲಿನ ಸಾಮಾನನ್ನು ಗಂಡ ಇಳಿಸಿಕೊಂಡರು. ತಂಗಿ ಇಳಿದು ಬಂದು, ತನ್ನ ಪಾಲಿನದನ್ನೂ ತೆಗೆದು ನಮ್ಮ ಪಡಸಾಲೆಗೆ ಇಟ್ಟಳು. "ಇಲ್ಲೇ ಇರಲಿ ಅಕ್ಕಾ, ಆಮ್ಯಾಲೆ ಒಯ್ಯತೀನಿ. ಡ್ಯಾಮಿನ ಮ್ಯಾಲೆ ಬಿಚ್ಚಿಕೊಂಡು ಹೋಗಬೇಕಂತ ಆಸಿ ಐತಿ." ಪರದೆಯನ್ನು ಕೊಂಡಿಗೆ ಸಿಕ್ಕಿಸಿ, ಹೋಗಿ ಕೂತು, ಬಟನ್ ಒತ್ತಿದಳು. ಇಳಿಬಿಸಿಲು ಬಿದ್ದಿತ್ತು. ಕೆಂಪು ಟಾಪು ಎದ್ದು, ಭಂಡಾರದ ಪುಡಿ ಉದುರಿಸುತ್ತ, ಮಡಚಿಕೊಂಡು, ಒಂದಿಷ್ಟೂ ಸದ್ದಿಲ್ಲದೆ ಒಳಗೆ ಹೋಯಿತು. ಅಷ್ಟು ಅಚ್ಚುಕಟ್ಟಾದ ಮಡಿಕೆಯನ್ನು ನನ್ನ ಅಂಗಡಿಯಲ್ಲಿ ಯಾರೂ ಹಾಕಿಲ್ಲ, ನಾನೂ ಹಾಕಿಲ್ಲ.

"ಚಂದ ಐತಿ" ಎಂದೆ. ಬಾಯಿಂದ ತಾನಾಗಿಯೇ ಬಂತು.

ತಂಗಿ ನನ್ನತ್ತ ನೋಡಿದಳು. "ಮುಂಜಾನೆ ಎಲ್ಲಿ ಹೋಗಿತ್ತಕ್ಕಾ ಈ ಮಾತು?"

ಅಷ್ಟು ಕೇಳಿ ಕಾದಳು. ಕಾರು ಚಾಲೂ ಇತ್ತು. ಪಕ್ಕದ ಸೀಟು ಖಾಲಿ ಇತ್ತು, ಅದರ ಬಾಗಿಲು ನನ್ನ ಕೈಗೆ ಎಟಕುವಷ್ಟು ಹತ್ತಿರ. ಡ್ಯಾಮಿನತನಕ ಹೋಗಿ ಬಸ್ಸಿನಲ್ಲಿ ಮರಳಿ ಬರಬಹುದಿತ್ತು. ಕೂತುಬಿಡಬಹುದಿತ್ತು. ಬಾ ಎನ್ನಲಿ ಎಂದು ನಾನು ನಿಂತೆ. ಅವಳು ಅನ್ನಲಿಲ್ಲ. "ಅಂಗಡಿ ತಗೀಬೇಕು, ಗಿರಾಕಿ ಬರೋ ಹೊತ್ತು. ಹುಷಾರಾಗಿ ಹೋಗು" ಎಂದೆ.

ಅವಳು ತಲೆಯಾಡಿಸಿ ಹೊರಟಳು. ಓಣಿಯ ತಿರುವಿನತನಕ ಕಾರಿನೊಳಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು, ಮೇಲೆ ಮುಚ್ಚುವಂಥದ್ದು ಏನೂ ಇರಲಿಲ್ಲವಲ್ಲ. ಅವಳ ಜಡೆ, ಸ್ಟೇರಿಂಗಿನ ಮೇಲಿನ ಕೈ, ಪಕ್ಕದ ಖಾಲಿ ಸೀಟು. ಆ ಸೀಟಿನಲ್ಲಿ ಒಸಡು ತೋರಿಸುತ್ತ ನಾದಿನಿ ಕೂತಿದ್ದರೂ ನನಗೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.